ಚಿಮಣಿ ಭಾವನ ಡ್ರೋನ್

ನನ್ನ ಭಾವ, ಅಂದರೆ ಅಕ್ಕನ ಗಂಡ, ಮೂವತ್ತೊಂದು ವರ್ಷ ಕಾರ್ಖಾನೆಗಳ ಚಿಮಣಿ ಹತ್ತಿದವರು. ಹತ್ತಿ ಏನು ಮಾಡುತ್ತಿದ್ದರು ಎಂದು ಕೇಳುವವರು ಈಗಲೂ ಇದ್ದಾರೆ. ಬಿರುಕು ನೋಡುತ್ತಿದ್ದರು, ಇಟ್ಟಿಗೆಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು, ಚಿಮಣಿಯ ಸುತ್ತ ಬಿಗಿದ ಕಬ್ಬಿಣದ ಪಟ್ಟಿಗಳ ತುಕ್ಕು ಕೆರೆಯುತ್ತಿದ್ದರು, ತುದಿಯ ಸಿಡಿಲುಕಂಬಿಯನ್ನು ಅಲ್ಲಾಡಿಸಿ ನೋಡುತ್ತಿದ್ದರು. ಆಮೇಲೆ ಇಳಿದು ಬಂದು ಎರಡು ಪುಟದ ವರದಿ ಬರೆದುಕೊಡುತ್ತಿದ್ದರು. ಆ ಎರಡು ಪುಟ ಕೈಗೆ ಬರದೆ ಯಾವ ಕಾರ್ಖಾನೆಯೂ ಬಾಯ್ಲರ್ ಹೊತ್ತಿಸುತ್ತಿರಲಿಲ್ಲ. ಊರಿಗೆಲ್ಲ ಅವರು ಚಿಮಣಿ. ನನಗೆ ಭಾವ.

ಅಕ್ಕನ ಮದುವೆಯ ಮಾತು ಬಂದಾಗ ಅಮ್ಮ, "ಹುಡುಗ ಯಾವ ಹುದ್ದೇಲಿದ್ದಾನೆ?" ಎಂದು ಕೇಳಿದ್ದಳಂತೆ. ಮಾತು ತಂದವನು, "ಏನು ಕೇಳ್ತೀರಿ, ಅವನಿಗಿಂತ ಮೇಲೆ ಇರೋರು ಈ ಊರಲ್ಲಿ ಯಾರೂ ಇಲ್ಲ" ಎಂದನಂತೆ. ಅಮ್ಮ ದೊಡ್ಡ ಅಧಿಕಾರಿ ಎಂದುಕೊಂಡಳು. ಗುಟ್ಟು ಬಯಲಾಗುವ ಹೊತ್ತಿಗೆ ಅಕ್ಕ ಹುಡುಗನನ್ನು ನೋಡಿ ಒಪ್ಪಿಯಾಗಿತ್ತು. ಅಕ್ಕ ಒಪ್ಪಿದ ಮೇಲೆ ಬೇಡ ಎನ್ನುವ ಗಂಡಸು ನಮ್ಮ ಮನೆಯಲ್ಲಿ ಹುಟ್ಟಿಲ್ಲ.

ಭಾವ ಮಾತಿನಲ್ಲಿ ಬಹಳ ಬಿಗಿ. ಹತ್ತು ಕೇಳಿದರೆ ಒಂದು ಉತ್ತರ, ಅದೂ "ಹೂಂ" ಅಥವಾ "ಉಹೂಂ". ಆದರೆ ಬರೆಯುವುದರಲ್ಲಿ ಬಲು ಅಚ್ಚುಕಟ್ಟು. ಅವರ ಹತ್ತಿರ ಚೌಕುಳಿ ಗೆರೆಯ ಒಂದು ದಪ್ಪ ನೋಟ್‌ಬುಕ್ ಇದೆ. ಒಂದೊಂದು ಚಿಮಣಿಗೆ ಒಂದೊಂದು ಪುಟ. ಅದರಲ್ಲಿ ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ಎನ್ನುವುದನ್ನು ಮಾತ್ರ ಬರೆಯುತ್ತಾರೆ. "ಇದ್ದದ್ದು ಇದ್ದ ಹಾಗೇ ಇದ್ರೆ ಬರೆಯೋಕೆ ಏನಿದೆ?" ಎಂದು ಒಮ್ಮೆ ನನಗೆ ಹೇಳಿದ್ದರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಉಪದೇಶ ಅದೇ.

ನಾನು ಅವರಿಗೆ ತದ್ವಿರುದ್ಧ. ನನ್ನದು ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಎಂಟಡಿ ಅಗಲದ ಅಂಗಡಿ. ಕೋಪ ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ಯಾವ ಯಂತ್ರ ಬಂದರೂ ಮೊದಲು ಬಿಚ್ಚುವುದು, ಆಮೇಲೆ ಯೋಚಿಸುವುದು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದರಲ್ಲಿ ಅರ್ಧ ತಪ್ಪು ನನ್ನದೇ.

ಹೋದ ವರ್ಷ ಭಾವ ಅಡುಗೆಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲ್ ಹತ್ತಿದರು. ಎರಡಡಿ ಎತ್ತರದ ಸ್ಟೂಲ್. ಇನ್ನೂರು ಅಡಿಯ ಮೇಲೆ ನಿಂತು ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದ ಮನುಷ್ಯ ಅವತ್ತು ಗೂಡಿನ ಹಲಗೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಹಲಗೆ ಕಿತ್ತು ಬಂತು, ಗಾಜಿನ ಡಬ್ಬಿಗಳೆಲ್ಲ ಚೂರಾದವು. ಅವರು ಮಾತ್ರ ಹೇಗೋ ನೆಲ ಮುಟ್ಟಿ ಕುಳಿತಿದ್ದರು. ಕಿವಿಯೊಳಗಿನ ತೊಂದರೆ, ಅದರಿಂದ ತಲೆ ಸುತ್ತುತ್ತದೆ, ಪೂರ್ತಿ ವಾಸಿಯಾಗುವುದು ಕಷ್ಟ ಎಂದರು ಡಾಕ್ಟರು. "ಇನ್ನು ಸ್ಟೂಲ್ ಕೂಡ ಹತ್ತಬೇಡಿ" ಎಂದರು.

ಹೊರಗೆ ಬಂದ ಮೇಲೆ ಭಾವ, "ಆಯ್ತು, ಸ್ಟೂಲ್ ಹತ್ತೋದಿಲ್ಲ" ಎಂದರು.

ಅಕ್ಕ ಅಲ್ಲೇ ನಿಂತಳು. "ಚಿಮಣಿ?"

ಭಾವ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿಯತೊಡಗಿದರು. ಅಕ್ಕ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು. ಮಾತು ಕೊಡುವವರೆಗೆ ಏಳುವುದಿಲ್ಲ ಎಂದಳು. ಹೋಗಿ ಬರುವವರೆಲ್ಲ ಅವಳನ್ನು ದಾಟಿಕೊಂಡು ಹೋಗಬೇಕಾಯಿತು. ಕೊನೆಗೆ ಭಾವ, "ನೋಡೋಕೆ ಬೇರೆ ದಾರಿ ಇದ್ರೆ ಹತ್ತೋದಿಲ್ಲ" ಎಂದು ಅರ್ಧ ಮಾತು ಕೊಟ್ಟರು. ಅಕ್ಕ ಆ ಅರ್ಧವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ತಲೆಸುತ್ತಿನ ವಿಷಯ ನಮ್ಮ ಮೂವರನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಆ ಕಸುಬಿನಲ್ಲಿ ಅದು ಹೊರಗೆ ಬಿದ್ದರೆ ಮರುದಿನದಿಂದ ಯಾರೂ ಕರೆಯುವುದಿಲ್ಲ. ಆ ವರ್ಷವೆಲ್ಲ ಭಾವ ಬೆನ್ನುನೋವು ಎಂದು ಹೇಳಿ ಬಂದ ಕೆಲಸಗಳನ್ನು ಮುಂದೂಡಿದರು.

ಅಕ್ಕ ಆ "ಬೇರೆ ದಾರಿ"ಯನ್ನು ಡಬ್ಬಿಯಲ್ಲಿ ಕೊಂಡು ತಂದಳು. ಬೂದು ಬಣ್ಣದ ಸಣ್ಣ ಡ್ರೋನ್. ಮದುವೆ, ಪ್ರವಾಸ ಎಂದು ಜನ ಹಾರಿಸುತ್ತಾರಲ್ಲ, ಅಂಥದೇ. ನಾಲ್ಕು ರೆಕ್ಕೆ, ಹೊಟ್ಟೆಯಲ್ಲಿ ಕ್ಯಾಮೆರಾ, ಕೈಯಲ್ಲಿ ಹಿಡಿಯುವ ರಿಮೋಟು, ರಿಮೋಟಿನ ನಡುವೆ ಸಿಕ್ಕಿಸುವ ಫೋನು. ಡ್ರೋನ್ ಕಂಡದ್ದೆಲ್ಲ ಫೋನಿನಲ್ಲಿ ಕಾಣುತ್ತದೆ. ಎರಡು ಕಿಲೋಮೀಟರ್ ಹೋಗುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ನಮಗೆ ಬೇಕಾದದ್ದು ಇನ್ನೂರ ಹತ್ತು ಅಡಿ ಅಷ್ಟೆ.

ಇನ್ನೂರ ಹತ್ತು ಅಡಿಯ ಚಿಮಣಿ ಇದ್ದದ್ದು ಊರ ಹೊರಗಿನ ಕಾಗದದ ಕಾರ್ಖಾನೆಯಲ್ಲಿ. ಭಾವ ಹದಿನೆಂಟು ವರ್ಷದಿಂದ ನೋಡಿಕೊಂಡು ಬಂದ ಚಿಮಣಿ ಅದು. ಬಾಯ್ಲರ್ ಹೊತ್ತಿಸುವ ಮುಂಚೆ ಗುರುವಾರ ಬಂದು ನೋಡಬೇಕು ಎಂದು ಅಲ್ಲಿನ ಮೇಲ್ವಿಚಾರಕ ಹೇಳಿ ಕಳಿಸಿದ್ದ. ಈ ಸಲ ಯಂತ್ರ ತರುತ್ತೇನೆ ಎಂದು ಭಾವ ತಿಳಿಸಿದ್ದಕ್ಕೆ ಅವನು ನಕ್ಕು, "ಏನಾದ್ರೂ ತನ್ನಿ, ನನಗೆ ತುದಿ ಕಾಣಬೇಕು" ಎಂದಿದ್ದನಂತೆ.

ಸೋಮವಾರ ಬೆಳಿಗ್ಗೆ ಅಕ್ಕ ನನ್ನ ಅಂಗಡಿಗೆ ಬಂದಳು. ತರಕಾರಿ ಚೀಲದಿಂದ ಡ್ರೋನ್ ತೆಗೆದು ಮೇಜಿನ ಮೇಲಿಟ್ಟಳು.

"ಇದು ಅರವತ್ತು ಅಡಿ ಹೋದ ತಕ್ಷಣ ಕುರುಡಾಗ್ತಿದೆ. ಚಿತ್ರ ಚೂರು ಚೂರಾಗುತ್ತೆ, ಆಮೇಲೆ ಸಿಗ್ನಲ್ ಇಲ್ಲ ಅಂತ ತಾನಾಗೇ ವಾಪಸ್ ಬರುತ್ತೆ. ಸರಿ ಮಾಡು."

"ಅಕ್ಕಾ, ನಾನು ಮಿಕ್ಸಿ ರಿಪೇರಿ ಮಾಡೋನು."

"ಇದೂ ತಿರುಗುತ್ತೆ ತಾನೆ?"

ನಾನು ನಗಲು ಹೋದೆ. ಅವಳು ನಗುತ್ತಿರಲಿಲ್ಲ. "ಲೋ, ಗುರುವಾರದ ಒಳಗೆ ಇದು ಮೇಲೆ ಹೋಗದಿದ್ರೆ ಅವರೇ ಮೇಲೆ ಹೋಗ್ತಾರೆ. ಬೇರೆ ದಾರಿ ಇಲ್ಲ ಅಂತಾರೆ. ನಾನು ಅವರನ್ನ ತಡೆಯೋಕಾಗಲ್ಲ" ಎಂದಳು. ಅಕ್ಕ ತನ್ನ ಕೈಲಾಗುವುದಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂಗಡಿಯ ಬಾಗಿಲು ಎಳೆದು ಅವಳ ಜೊತೆ ಹೊರಟೆ.

ಅವರ ಮನೆಯ ಮಹಡಿಯ ಮೇಲೆ ಭಾವ ಕಾಯುತ್ತಿದ್ದರು. ಕೈಯಲ್ಲಿ ಡ್ರೋನಿನ ಕೈಪಿಡಿ. ಇರುವೆಯಷ್ಟು ಸಣ್ಣ ಅಕ್ಷರದ ಎಂಬತ್ತು ಪುಟ. ಭಾವ ಮೊದಲ ಪುಟದಿಂದ ಓದುತ್ತಾ ಹನ್ನೆರಡನೆಯ ಪುಟದಲ್ಲಿದ್ದರು. ಕೈಪಿಡಿ ಓದಿ ರಿಪೇರಿ ಮಾಡುವುದು ಕೈಲಾಗದವರ ಕೆಲಸ ಎಂಬುದು ನನ್ನ ನಂಬಿಕೆ. ರಿಮೋಟು ಕಸಿದುಕೊಂಡು ಹಾರಿಸಿದೆ. ಅಕ್ಕ ಹೇಳಿದಂತೆಯೇ ಆಯಿತು. ಐವತ್ತು ಅಡಿಗೆ ಚಿತ್ರ ನಡುಗಿತು, ಅರವತ್ತಕ್ಕೆ ಹರಿದ ಬಟ್ಟೆಯ ಹಾಗಾಯಿತು, ಆಮೇಲೆ ಪರದೆಯೆಲ್ಲ ಕಪ್ಪು. ಡ್ರೋನ್ ಮಾತ್ರ ಅಳುಕಿಲ್ಲದೆ ತಿರುಗಿ ಬಂದು ಹೊರಟಲ್ಲೇ ಇಳಿಯಿತು.

ಮೊದಲು ಬ್ಯಾಟರಿ ನೋಡಿದೆ. ಡ್ರೋನಿನದು ತುಂಬಿತ್ತು, ರಿಮೋಟಿನದು ಅರ್ಧ. ಅದನ್ನು ತುಂಬಿಸಿ ಮತ್ತೆ ಹಾರಿಸಿದರೆ ಮತ್ತೆ ಅರವತ್ತು. ಫೋನಿನಲ್ಲಿ ಸುತ್ತಲಿನ ವೈ-ಫೈ ತೆರೆದು ನೋಡಿದೆ. ಆ ಬೀದಿಯಲ್ಲಿ ಇಪ್ಪತ್ತಮೂರು ಮನೆಯ ವೈ-ಫೈ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಡ್ರೋನ್ ಮಾತಾಡುವುದೂ ಅದೇ ಗಾಳಿಯಲ್ಲಿ. ಸಂತೆಯಲ್ಲಿ ನಿಂತು ಪಿಸುಗುಟ್ಟಿದರೆ ಯಾರಿಗೆ ಕೇಳಿಸುತ್ತದೆ?

"ಇಲ್ಲಿ ನೋಡಿದ್ರೆ ಪ್ರಯೋಜನ ಇಲ್ಲ. ಬಯಲಿಗೆ ಹೋಗೋಣ" ಎಂದೆ.

ಮಂಗಳವಾರ ಸರಕು ಗೋದಾಮುಗಳ ಆಚೆಯ ಬಯಲಿಗೆ ಹೋದೆವು. ಅಕ್ಕನೂ ಬಂದಳು, ಬಿಸಿಲಿಗೆ ಕೊಡೆ ಹಿಡಿದು ಪಕ್ಕದಲ್ಲಿ ನಿಂತಳು. ಸೆಟ್ಟಿಂಗಿಗೆ ಹೋಗಿ, ಹೆಚ್ಚು ದೂರ ಮುಟ್ಟುವ ತರಂಗಕ್ಕೆ ಬದಲಿಸಿದೆ. ತೊಂಬತ್ತು ಅಡಿ ಸಿಕ್ಕಿತು. ಅಷ್ಟರಲ್ಲಿ ಕೈಪಿಡಿಯ ಇಪ್ಪತ್ತೆರಡನೆಯ ಪುಟ ಮುಟ್ಟಿದ್ದ ಭಾವ ನನ್ನ ಭುಜ ತಟ್ಟಿದರು. ರಿಮೋಟಿನ ತಲೆಯ ಮೇಲೆ ಎರಡು ಚಪ್ಪಟೆ ಆಂಟೆನಾಗಳಿದ್ದವು. ನಾನು ಅವುಗಳ ತುದಿಯನ್ನು, ಬೆರಳು ಮಾಡಿ ತೋರಿಸಿದ ಹಾಗೆ, ನೇರ ಡ್ರೋನಿನ ಕಡೆಗೇ ಹಿಡಿದಿದ್ದೆ. ಹಾಗೆ ಹಿಡಿಯಬಾರದಂತೆ. ತುದಿಯಿಂದ ಸಿಗ್ನಲ್ ಹೊರಡುವುದೇ ಇಲ್ಲವೆನ್ನುವಷ್ಟು ಕಡಿಮೆ. ಚಪ್ಪಟೆ ಮೈ ಡ್ರೋನಿನ ಕಡೆಗಿರಬೇಕು. ಹಾಗೆ ತಿರುಗಿಸಿದ ಮೇಲೆ ನೂರೈವತ್ತು ಅಡಿಯಾಯಿತು.

ಅಲ್ಲಿಗೆ ನಿಂತಿತು. ಏನು ಮಾಡಿದರೂ ನೂರೈವತ್ತೊಂದನೆಯ ಅಡಿ ದಾಟಲಿಲ್ಲ. ಫೋನ್ ಬದಲಿಸಿದೆ, ತಂತಿ ಬದಲಿಸಿದೆ, ನಾನು ನಿಂತ ಜಾಗ ಬದಲಿಸಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. "ಈ ಕಂಪನಿಯೇ ಮೋಸ. ಡಬ್ಬಿ ಮೇಲೆ ಸುಳ್ಳು ಬರೆದಿದ್ದಾರೆ. ಇದು ಮಕ್ಕಳ ಆಟದ ಸಾಮಾನು" ಎಂದು ಕೂಗಾಡಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಳು ಅಕ್ಕ ಕೊಡೆಯ ಕೆಳಗಿನಿಂದ.

ಭಾವ ಚೀಲದಿಂದ ನೋಟ್‌ಬುಕ್ ತೆಗೆದರು. ಚಿಮಣಿಗಳ ನಡುವೆ ಡ್ರೋನಿಗೂ ಒಂದು ಪುಟ ಕೊಟ್ಟಿದ್ದರು. ಬೆರಳಿಟ್ಟು ಓದಿದರು. "ಮೊದಲನೇ ದಿನ, ಮನೆ ಮಹಡಿ, ಇನ್ನೂರು ಅಡಿ, ಚಿತ್ರ ಸ್ಪಷ್ಟ. ಎರಡನೇ ದಿನ, ಬಟ್ಟೆ ಒಣಗಿಸೋ ತಂತಿಗೆ ತಾಗಿ ಮುಂದಿನ ಬಲಗಾಲು ಸೀಳು. ಮೂರನೇ ದಿನ, ಕಾಲು ರಿಪೇರಿ. ನಾಲ್ಕನೇ ದಿನ, ಅದೇ ಮಹಡಿ, ಅರವತ್ತು ಅಡಿ." ಪುಸ್ತಕ ಮುಚ್ಚಿದರು. "ನಡುವೆ ಬದಲಾಗಿದ್ದು ಒಂದೇ."

ಆ ಕಾಲು ರಿಪೇರಿ ಮಾಡಿದ್ದು ನಾನು.

ನನ್ನ ಅಂಗಡಿಯಲ್ಲಿ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಟೇಪ್ ಇದೆ. ಬಿಸಿ ತಡೆಯುತ್ತದೆ, ನೀರು ತಡೆಯುತ್ತದೆ, ಅದು ಅಂಟದ ವಸ್ತುವೇ ಇಲ್ಲ. ನನ್ನ ಕೈಗೆ ಬಂದ ಮಿಕ್ಸಿಗಳಲ್ಲಿ ಆ ಟೇಪ್ ಇಲ್ಲದೆ ವಾಪಸ್ಸು ಹೋದವು ಕಡಿಮೆ. ಡ್ರೋನಿನ ಸೀಳಿದ ಕಾಲಿಗೂ ಅದನ್ನೇ ಮೂರು ಸುತ್ತು ಸುತ್ತಿದ್ದೆ. ಎರಡೂ ಕಡೆ ಒಂದೇ ಥರ ಕಾಣಲಿ ಎಂದು ಚೆನ್ನಾಗಿದ್ದ ಎಡಗಾಲಿಗೂ ಸುತ್ತಿದ್ದೆ. ಭಾವ ಕೈಪಿಡಿಯ ಮೂವತ್ತೊಂದನೆಯ ಪುಟ ತೆರೆದು ನನ್ನ ಮುಂದೆ ಹಿಡಿದರು. ಡ್ರೋನಿನ ಚಿತ್ರದಲ್ಲಿ ಮುಂದಿನ ಎರಡು ಕಾಲಿಗೂ ಬಾಣದ ಗುರುತು ಹಾಕಿ, "ಆಂಟೆನಾ ಇದರೊಳಗಿದೆ, ಮುಚ್ಚಬೇಡಿ" ಎಂದು ಬರೆದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎರಡು ದಿನ ಕಳೆದಿದ್ದೆ. ಯಂತ್ರದ ಬಾಯಿಗೆ ಲೋಹದ ಪಟ್ಟಿ ಕಟ್ಟಿ, ಆಮೇಲೆ ಇದು ಮಾತಾಡುವುದಿಲ್ಲ ಎಂದು ಬೈಯುತ್ತಿದ್ದೆ.

ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆ ನೋಟ್‌ಬುಕ್ ಇರದಿದ್ದರೆ ನನ್ನ ಮೂರು ಸುತ್ತು ಟೇಪು ಭಾವನನ್ನು ಚಿಮಣಿ ಹತ್ತಿಸುತ್ತಿತ್ತು. ಅಕ್ಕ ಬೈಯಬಹುದಿತ್ತು, ಬೈಯಲಿಲ್ಲ. ತಲೆಪಿನ್ನು ತೆಗೆದುಕೊಟ್ಟಳು. ಅದರ ತುದಿಯಿಂದ ಟೇಪನ್ನು ಚೂರು ಚೂರಾಗಿ ಕೆರೆದೆ. ಸೀಳಿದ್ದ ಜಾಗಕ್ಕೆ ಗೋಂದು ಹಚ್ಚಿ, ಅಕ್ಕ ಅದರ ಮೇಲೆ ಹೊಲಿಗೆ ದಾರ ಸುತ್ತಿ ಗಂಟು ಹಾಕಿದಳು.

ಬುಧವಾರ ಅದೇ ಬಯಲಿನಲ್ಲಿ ಡ್ರೋನ್ ನಾನ್ನೂರು ಅಡಿ ಏರಿತು. ಗೋದಾಮಿನ ತಗಡು, ರೈಲು ಹಳಿ, ಕೊಡೆ ಹಿಡಿದ ಅಕ್ಕ, ಎಲ್ಲ ಫೋನಿನಲ್ಲಿ ಎಣಿಸುವಷ್ಟು ಸ್ಪಷ್ಟ. ಅಕ್ಕ ಕೊಡೆ ಎಸೆದು ಚಪ್ಪಾಳೆ ತಟ್ಟಿದಳು. ಆ ದಿನ ಅವರ ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಗುರುವಾರ ಬೆಳಿಗ್ಗೆ ಮೂವರೂ ಕಾಗದದ ಕಾರ್ಖಾನೆಗೆ ಹೋದೆವು. ಅಕ್ಕನನ್ನು ಯಾಕೆ ಕರೆತಂದಿರಿ ಎಂದು ಗೇಟಿನವನು ಕೇಳಲಿಲ್ಲ, ಕೇಳಿದ್ದರೆ ಅವಳೇ ಉತ್ತರ ಕೊಡುತ್ತಿದ್ದಳು. ಚಿಮಣಿ ಹಿಂದಿನ ಅಂಗಳದಲ್ಲಿತ್ತು. ಬುಡದಲ್ಲಿ ನಾಲ್ಕು ಜನ ಕೈಹಿಡಿದರೂ ತಬ್ಬಲಾಗದಷ್ಟು ದಪ್ಪ, ಮಸಿ ಹಿಡಿದ ಇಟ್ಟಿಗೆ, ಮೈಮೇಲೆ ಅಲ್ಲಲ್ಲಿ ಕಬ್ಬಿಣದ ಪಟ್ಟಿ, ಒಂದು ಪಕ್ಕದಲ್ಲಿ ತುದಿಯವರೆಗೆ ಹೋಗುವ ಕಬ್ಬಿಣದ ಏಣಿ. ಸುತ್ತ ವಿಶಾಲ ಅಂಗಳ, ಒಂದು ಮೂಲೆಯಲ್ಲಿ ಕಲ್ಲಿದ್ದಲ ರಾಶಿ. ಮೇಲ್ವಿಚಾರಕ ಕೈಕಟ್ಟಿ ನಿಂತು, "ತೋರಿಸಿ ನಿಮ್ಮ ಹಕ್ಕೀನ" ಎಂದ.

ಭಾವ ಚಿಮಣಿಯ ಬುಡದಲ್ಲಿ ನಿಂತು ಹಾರಿಸಿದರು. ಎಂಬತ್ತು ಅಡಿಯವರೆಗೆ ಏನೂ ತೊಂದರೆಯಿಲ್ಲ. ನೂರಕ್ಕೆ ಚಿತ್ರ ನಡುಗಿತು. ನೂರಿಪ್ಪತ್ತಕ್ಕೆ ಹರಿದುಹೋಯಿತು. ಡ್ರೋನ್ ತಾನಾಗಿ ಇಳಿದು ಬಂತು. ನಾನು ಕಾಲುಗಳನ್ನು ನೋಡಿದೆ, ಬ್ಯಾಟರಿ ನೋಡಿದೆ, ಎಲ್ಲ ಸರಿಯಾಗಿತ್ತು. ಎರಡನೆಯ ಸಲವೂ ನೂರಿಪ್ಪತ್ತು. ಮೂರನೆಯ ಸಲ ನೂರ ಹತ್ತು.

"ಬಿಡಿ, ಅದರಿಂದ ಆಗಲ್ಲ. ನೀವು ಹತ್ತಿದ್ರೆ ಅರ್ಧ ಗಂಟೆ ಕೆಲಸ" ಎಂದ ಮೇಲ್ವಿಚಾರಕ. ಅವನದೇನೂ ತಪ್ಪಿಲ್ಲ, ಅವನಿಗೆ ಗೊತ್ತಿರಲಿಲ್ಲ.

ಭಾವ ರಿಮೋಟನ್ನು ನೆಲದ ಮೇಲಿಟ್ಟರು. ಚೀಲಕ್ಕೆ ಕೈ ಹಾಕಿ ತಳದಿಂದ ಹತ್ತುವ ಬೆಲ್ಟು ತೆಗೆದರು.

"ಇದನ್ನ ಯಾಕೆ ತಂದ್ರಿ?" ಅಕ್ಕನ ದನಿ ಸಣ್ಣಗಿತ್ತು.

"ಸುಮ್ನೆ ಚೀಲದಲ್ಲಿತ್ತು."

"ಸುಮ್ನೆ ಇರೋಕೆ ಅದೇನು ಕರವಸ್ತ್ರಾನಾ?"

ಭಾವ ಬೆಲ್ಟನ್ನು ಸೊಂಟಕ್ಕೆ ಸುತ್ತತೊಡಗಿದರು. ಕೈಗಳು ತಾವಾಗಿಯೇ ಕೊಂಡಿ ಹುಡುಕುತ್ತಿದ್ದವು. ಆದರೆ ಕಿವಿಯ ಪಕ್ಕದಲ್ಲಿ ಬೆವರು ಇಳಿಯುತ್ತಿತ್ತು. ಏಣಿಯನ್ನು ಒಂದು ಸಲ ಮೇಲಿನವರೆಗೆ ನೋಡಿ, ತಟ್ಟನೆ ಕಣ್ಣು ಕೆಳಗಿಳಿಸಿದರು. ಬರಿಯ ನೋಟಕ್ಕೇ ಅವರಿಗೆ ನೆಲ ತಿರುಗಿತ್ತು. ನನಗೆ ಆ ಕ್ಷಣ ಭಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆನ್ನೆಗೆ ಎರಡು ಬಿಡಬೇಕು ಎನ್ನಿಸಿತು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಇದೆ ಎಂದು ಗೊತ್ತಾದದ್ದೂ ಆಗಲೇ.

"ಒಂದು ನಿಮಿಷ ನಿಲ್ಲಿ ಭಾವ" ಎಂದು ಕೂಗಿದೆ. "ನಿನ್ನೆ ನಾನ್ನೂರು ಹೋಯ್ತು. ಇವತ್ತು ನೂರಿಪ್ಪತ್ತು. ನಡುವೆ ಬದಲಾಗಿದ್ದೇನು? ನಿಮ್ಮ ಪುಸ್ತಕದಲ್ಲಿ ನೀವೇ ಬರೀತೀರಲ್ಲ, ಹೇಳಿ."

ಭಾವ ನಿಂತರು. ಯೋಚಿಸಿದರು. "ಅಲ್ಲಿ ಬಯಲು. ಇಲ್ಲಿ ಚಿಮಣಿ."

"ಅಷ್ಟೇನಾ? ನೀವು ನಿಂತಿರೋದು ನೋಡಿಕೊಳ್ಳಿ."

ಮೂರು ಸಲ ಹಾರಿಸುವಾಗಲೂ ಅವರು ಬೆನ್ನನ್ನು ಚಿಮಣಿಗೆ ಒತ್ತಿಕೊಂಡೇ ನಿಂತಿದ್ದರು. ಡ್ರೋನ್ ನೆತ್ತಿಯ ಮೇಲೆ. ಕಣ್ಣು ಫೋನಿನ ಮೇಲೆ, ರಿಮೋಟಿನ ಆಂಟೆನಾಗಳ ತುದಿ ನೇರ ಮೇಲಕ್ಕೆ, ಡ್ರೋನಿನ ಕಡೆಗೇ ಇತ್ತು. ಸಾಲದ್ದಕ್ಕೆ ಒಂದು ಪಕ್ಕದಲ್ಲಿ ಪೂರ್ತಿ ಇಟ್ಟಿಗೆ, ಕಬ್ಬಿಣದ ಪಟ್ಟಿ, ಕಬ್ಬಿಣದ ಏಣಿ. ಸಿಗ್ನಲ್ ಹೋಗಬೇಕಾದರೂ ಎಲ್ಲಿಂದ ಹೋಗಬೇಕು?

"ದೂರ ಹೋಗಿ ನಿಲ್ಲಿ. ನೂರು ಹೆಜ್ಜೆ ಹಿಂದೆ. ಅಲ್ಲಿಂದ ಡ್ರೋನ್ ಓರೆಯಾಗಿ ಕಾಣುತ್ತೆ, ಆಂಟೆನಾ ಮೈ ಅದರ ಕಡೆ ಇರುತ್ತೆ" ಎಂದೆ.

ಭಾವ ತಲೆಯಾಡಿಸಿದರು. "ಆಗಲ್ಲ."

"ಯಾಕಾಗಲ್ಲ?"

"ಮೇಲೆ ಏನಾದ್ರೂ ಇರೋವಾಗ ಕೆಳಗಿನವನು ಗೋಡೆ ಬಿಡಬಾರದು."

ಆಮೇಲೆ ತುಂಡು ತುಂಡಾಗಿ ಹೇಳಿದರು. ಚಿಮಣಿಯ ಕೆಲಸಕ್ಕೆ ಇಬ್ಬರು ಬೇಕು, ಒಬ್ಬ ಮೇಲಿನವನು, ಒಬ್ಬ ಕೆಳಗಿನವನು. ಮೇಲೆ ಗಾಳಿಗೆ ಕೂಗು ಕೇಳಿಸುವುದಿಲ್ಲ. ಅದಕ್ಕೆ ಮೇಲಿನವನು ಸುತ್ತಿಗೆಯಿಂದ ಇಟ್ಟಿಗೆಗೆ ತಟ್ಟುತ್ತಾನೆ. ಎರಡು ಪೆಟ್ಟಿಗೆ ಹಗ್ಗ ಸಡಿಲಿಸು ಎಂದರ್ಥ, ಮೂರು ಪೆಟ್ಟಿಗೆ ಅಪಾಯ. ಆ ಪೆಟ್ಟು ಗೋಡೆಯ ಮೂಲಕ ಕೆಳಗಿನವನ ಮೈಗೆ ಮುಟ್ಟಬೇಕು. ಕೈಯೋ ಭುಜವೋ ಬೆನ್ನೋ, ಮೈಯ ಯಾವುದಾದರೂ ಭಾಗ ಗೋಡೆಗೆ ತಾಗಿರಲೇಬೇಕು. ಭಾವನಿಗೆ ಕೆಲಸ ಕಲಿಸಿದ ಹಿರಿಯ, ತನ್ನ ಕೆಳಗಿನವನು ನೀರು ಕುಡಿಯಲು ಹೋಗಿದ್ದ ಐದು ನಿಮಿಷದಲ್ಲಿ ಮೂರು ಪೆಟ್ಟು ತಟ್ಟಿ, ಯಾರಿಗೂ ಕೇಳಿಸದೆ, ಬಿದ್ದು ಸೊಂಟ ಮುರಿದುಕೊಂಡು ಉಳಿದ ಆಯಸ್ಸು ಮಂಚದ ಮೇಲೆ ಕಳೆದನಂತೆ.

"ಭಾವ, ಮೇಲೆ ಇರೋದು ಪ್ಲಾಸ್ಟಿಕ್ಕು. ಅದು ತಟ್ಟಲ್ಲ!"

"ಗೊತ್ತು" ಎಂದರು. "ಕಾಲು ಕೇಳಲ್ಲ."

ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಮೂವತ್ತೊಂದು ವರ್ಷ ಜೀವ ಕಾಪಾಡಿದ ಪಾಠವನ್ನು ತಪ್ಪು ಎನ್ನುವುದು ಹೇಗೆ? ಅದು ತಪ್ಪೂ ಅಲ್ಲ. ಮೇಲ್ವಿಚಾರಕ ಗಡಿಯಾರ ನೋಡಿಕೊಂಡ. ಭಾವ ಬೆಲ್ಟಿನ ಕೊಂಡಿ ಸಿಕ್ಕಿಸಿದರು.

ಆಗ ಅಕ್ಕ ಚಪ್ಪಲಿ ಸದ್ದು ಮಾಡುತ್ತಾ ನನ್ನನ್ನು ದಾಟಿ ಹೋದಳು. ಚಿಮಣಿಯ ಮುಂದೆ ನಿಂತು, ಬಳೆಗಳನ್ನು ಮೇಲಕ್ಕೆ ಸರಿಸಿ, ಬಲಗೈಯನ್ನು ಅಂಗೈ ಅಗಲಿಸಿ ಮಸಿ ಹಿಡಿದ ಇಟ್ಟಿಗೆಯ ಮೇಲೆ ಇಟ್ಟಳು.

"ಗೋಡೆ ನಾನು ಹಿಡ್ಕೋತೀನಿ. ನೀವು ಹೋಗಿ."

ಭಾವ ಅವಳನ್ನು ನೋಡಿದರು. ಆಮೇಲೆ ಬೆಲ್ಟು ಬಿಚ್ಚಿ ನೆಲಕ್ಕೆ ಹಾಕಿ, ರಿಮೋಟು ಎತ್ತಿಕೊಂಡರು. "ಗಟ್ಟಿಯಾಗಿ ಒತ್ತಬೇಡ. ಸುಮ್ನೆ ತಾಗಿದ್ರೆ ಸಾಕು. ಒತ್ತಿದ್ರೆ ಕೈ ಮರಗಟ್ಟುತ್ತೆ" ಎಂದು ಕಲಿಸಿಕೊಟ್ಟರು. ಚಿಮಣಿಗೆ ಬೆನ್ನು ತಿರುಗಿಸಲು ಮಾತ್ರ ಅವರಿಂದ ಆಗಲಿಲ್ಲ. ಅಕ್ಕನ ಕೈಯನ್ನೇ ನೋಡುತ್ತಾ ಹಿಂದು ಹಿಂದಕ್ಕೆ ನಡೆದರು. ಎಡವದ ಹಾಗೆ ನಾನು ಅವರ ಭುಜ ಹಿಡಿದುಕೊಂಡು ಹೆಜ್ಜೆ ಎಣಿಸಿದೆ. ಅರವತ್ತಕ್ಕೆ ಒಮ್ಮೆ ನಿಂತರು. ಅಕ್ಕ ಅಲ್ಲಿಂದಲೇ, "ಇದ್ದೀನಿ, ನಡೀರಿ" ಎಂದಳು. ನೂರು ಹೆಜ್ಜೆ ಮುಗಿಯಿತು.

ಡ್ರೋನ್ ಮೇಲೆದ್ದಿತು. ನೂರು. ನೂರಿಪ್ಪತ್ತು. ಚಿತ್ರ ಅಲ್ಲಾಡಲಿಲ್ಲ. ನೂರೈವತ್ತು, ಇನ್ನೂರು. ಇನ್ನೂರ ಹದಿನೈದಕ್ಕೆ ನಿಲ್ಲಿಸಿ ಕ್ಯಾಮೆರಾ ಕೆಳಗೆ ಬಾಗಿಸಿದಾಗ ಚಿಮಣಿಯ ಬಾಯಿ ಪೂರ್ತಿಯಾಗಿ ಫೋನಿನಲ್ಲಿ ಕಂಡಿತು. ಭಾವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಅವರು ಕೆಲಸಗಾರರಾದರು. ಡ್ರೋನ್ ಯಾವ ಕಡೆ ಹೋಯಿತೋ ಆ ಕಡೆಗೇ, ಚಿಮಣಿ ಅಡ್ಡ ಬರದ ಹಾಗೆ, ಅಂಗಳದಲ್ಲಿ ದೊಡ್ಡ ಸುತ್ತು ನಡೆದರು. ಕಲ್ಲಿದ್ದಲ ರಾಶಿ ಅಡ್ಡ ಬಂದಾಗ ಅದರ ಅಂಚಿನಲ್ಲೇ ಸಾಗಿದರು. ಸಿಡಿಲುಕಂಬಿ ಒಂದು ಪಕ್ಕಕ್ಕೆ ವಾಲಿತ್ತು. ಹಿಂಬದಿಯಲ್ಲಿ ನಾಲ್ಕು ವರಸೆ ಇಟ್ಟಿಗೆಯ ಗಾರೆ ಉದುರಿ ಸಂದು ಬಿಟ್ಟಿತ್ತು. ಮೇಲಿನಿಂದ ಮೂರನೆಯ ಕಬ್ಬಿಣದ ಪಟ್ಟಿ ತುಕ್ಕು ತಿಂದು ಎರಡು ತುಂಡಾಗಿತ್ತು. "ಹೋದ ಸಲ ಇದು ಇರಲಿಲ್ಲ" ಎಂದು ಪ್ರತಿಯೊಂದಕ್ಕೂ ತಮಗೆ ತಾವೇ ಹೇಳಿಕೊಂಡು ಫೋಟೋ ತೆಗೆದರು. ಇಪ್ಪತ್ತು ನಿಮಿಷಕ್ಕೆ ಡ್ರೋನನ್ನು ತಮ್ಮ ಕಾಲ ಬಳಿಯೇ ಇಳಿಸಿದರು.

ಮೇಲ್ವಿಚಾರಕ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಅವನ ಮುಖದ ನಗು ಹೋಗಿತ್ತು. "ಇದನ್ನ ಸರಿ ಮಾಡದೆ ಹೊತ್ತಿಸೋ ಹಾಗಿಲ್ಲ. ಯಾವಾಗ ಹತ್ತಿ ಸರಿ ಮಾಡ್ತೀರಿ? ಸೋಮವಾರ?"

ನಾನು ಭಾವನ ಬೆನ್ನುನೋವಿನ ಕತೆ ಶುರುಮಾಡಲು ಬಾಯಿ ತೆರೆದಿದ್ದೆ. ಭಾವ ಕೈ ಅಡ್ಡ ಹಿಡಿದರು.

"ಇಲ್ಲ. ನನಗೆ ತಲೆಸುತ್ತು. ಒಂದು ವರ್ಷ ಆಯ್ತು. ಇನ್ನು ನಾನು ಹತ್ತೋದಿಲ್ಲ."

ಮೇಲ್ವಿಚಾರಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಮೊದಲೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕರೀತಿದ್ರಾ?"

ಅವನು ಫೋನನ್ನು ಭಾವನ ಕೈಗೆ ವಾಪಸ್ ಕೊಟ್ಟ. ವರದಿ ನಾಳೆ ಕಳಿಸಿ, ಹತ್ತುವವರು ಯಾರಾದರೂ ಗೊತ್ತಿದ್ದರೆ ಹೇಳಿ ಎಂದು ಕಚೇರಿಯ ಕಡೆ ಹೋದ. ಮುಂದಿನ ವರ್ಷ ಭಾವನನ್ನು ಕರೆಯುತ್ತಾನೋ ಇಲ್ಲವೋ ಅವನ ಮುಖದಿಂದ ತಿಳಿಯಲಿಲ್ಲ. ಭಾವ ರಿಮೋಟಿನ ಆಂಟೆನಾ ಮಡಚಿ, ಡ್ರೋನಿನ ರೆಕ್ಕೆ ಮಡಚಿ ನನ್ನ ಕೈಗೆ ಕೊಟ್ಟರು. ನಾನು ಅವುಗಳನ್ನು ಜೋಪಾನವಾಗಿ ಚೀಲಕ್ಕೆ ಸೇರಿಸಿದೆ.

ಸುತ್ತು ಹಾಕುತ್ತಾ ನಾವು ಚಿಮಣಿಯ ಹಿಂಬದಿಗೆ ಬಂದಿದ್ದೆವು. ಅಕ್ಕ ಆಚೆ ಬದಿಯಲ್ಲಿದ್ದಳು. ಡ್ರೋನ್ ಇಳಿದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಭಾವನಿಗೆ ಅದು ಹೊಳೆದದ್ದೇ ತಡ, ಓಡಿದರು. ನಾನು ಹಿಂದೆಯೇ ಹೋದೆ.

ಅಕ್ಕ ಬಿಸಿಲಿನಲ್ಲಿ ಹಾಗೆಯೇ ನಿಂತಿದ್ದಳು. ಸೆರಗು ತಲೆಯಿಂದ ಜಾರಿತ್ತು. ಸರಿಮಾಡಿಕೊಳ್ಳಲೂ ಕೈ ತೆಗೆದಿರಲಿಲ್ಲ.

"ಇಳೀತು ಕಣೆ" ಎಂದರು ಭಾವ ಏದುಸಿರು ಬಿಡುತ್ತಾ. "ಆಗ್ಲೇ ಇಳೀತು. ಕೈ ತೆಗಿ."

ಅಕ್ಕ ಕೈ ತೆಗೆಯಲಿಲ್ಲ. "ಕೆಳಗಿನವನ ಕೆಲಸ ಇಷ್ಟೇನಾ?" ಎಂದು ಕೇಳಿದಳು.

"ಇಷ್ಟೇ."

"ಸುಮ್ನೆ ನಿಂತ್ಕೊಂಡು, ಮೇಲಿಂದ ಏನಾದ್ರೂ ಸುದ್ದಿ ಬರುತ್ತಾ ಅಂತ ಕಾಯೋದು."

"ಹೂಂ."

"ಇಪ್ಪತ್ತೆಂಟು ವರ್ಷ ಮನೇಲಿ ನಾನು ಮಾಡಿದ್ದೂ ಇದೇ ಅಲ್ವೇನ್ರೀ? ಕೈ ಇಡೋಕೆ ಒಂದು ಗೋಡೆ ಇರಲಿಲ್ಲ, ಅಷ್ಟೆ."

ಭಾವ ಹಾಗೇ ನಿಂತರು. ಅಷ್ಟು ವರ್ಷದಲ್ಲಿ ಅವರಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ನನಗೂ ಹೊಳೆದಿರಲಿಲ್ಲ.

"ಅವರಿಗೆ ಹೇಳ್ಬಿಟ್ಟೆ" ಎಂದರು ಕೊನೆಗೆ. "ತಲೆಸುತ್ತು ಇದೆ, ಇನ್ನು ಹತ್ತೋದಿಲ್ಲ ಅಂತ. ಎಲ್ಲಾ ಹೇಳ್ಬಿಟ್ಟೆ."

ಅಕ್ಕ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಗ ಅವಳು ಗೋಡೆಯಿಂದ ಕೈ ತೆಗೆದಳು.